ತಪ್ಪಿಗೆ ಹನ್ನೊಂದು ಹೆಸರು

“ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಪಾಠ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇದೆ,” ಎಂದರು ಟೀಚರಮ್ಮ, ಬೋರ್ಡಿನಿಂದ ಮುಖ ತಿರುಗಿಸದೆ.

ಇನ್ಸ್‌ಪೆಕ್ಟರು ತೆಪ್ಪಗೆ ಕೂತರು. ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಅವರನ್ನು ಹೀಗೆ ಕೂರಿಸಿದವರು ಇಬ್ಬರೇ, ಒಬ್ಬರು ಜಡ್ಜು, ಇನ್ನೊಬ್ಬರು ಹೆಂಡತಿ. ಬೆಂಚು ಮಕ್ಕಳ ಅಳತೆಯದು. ಮಂಡಿ ಡೆಸ್ಕಿಗೆ ತಗಲುತ್ತಿತ್ತು. ಒಂದು ವಾರದಿಂದ ನೆಟ್ಟಗೆ ನಿದ್ದೆ ಕಾಣದ ಕಣ್ಣು ಕೂತ ಕೂಡಲೇ ಮುಚ್ಚಿಕೊಳ್ಳಲು ಹವಣಿಸಿತು.

ಮನೆಯ ಮುಂದಿನ ಕೋಣೆಯೇ ತರಗತಿ. ಒಂಬತ್ತು ಮಂದಿ ನರ್ಸುಗಳು ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದರು. ಬೋರ್ಡಿನ ಮೇಲೆ ಒಂದರ ಕೆಳಗೊಂದು ಹನ್ನೊಂದು ಪದ, ಮೇಲೆ ತಲೆಬರಹ: ತಪ್ಪು.

ಟೀಚರಮ್ಮನ ಗಂಡ, ಪ್ರೆಸ್ಸಿನಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದ ಪ್ರೂಫ್ ಮೇಷ್ಟ್ರು, ಅಲ್ಲೇ ತಲೆಗೆ ಪೆಟ್ಟು ತಿಂದು ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡು ಇವತ್ತಿಗೆ ಐದನೆಯ ದಿನ. ಸಾಯುವ ಮುನ್ನ ಅವರು ಬರೆದಿಟ್ಟ ಒಂದೇ ಒಂದು ಸಾಲಿನ ಮೇಲೆ ಪ್ರೆಸ್ಸಿನ ಫೋರ್‌ಮನ್ ಲಾಕಪ್ಪಿನಲ್ಲಿದ್ದ. ಆದರೂ ಈ ಹೆಂಗಸು ಪಾಠ ನಿಲ್ಲಿಸಿರಲಿಲ್ಲ. ಗಂಡ ಬರೆದು ಮುಗಿಸದೆ ಹೋದ ಪದಗಳ ಪುಸ್ತಕವನ್ನೇ ಎದುರಿಗಿಟ್ಟುಕೊಂಡು ಹೇಳಿಕೊಡುತ್ತಿದ್ದರು.

“ಮಿಸ್‌ಇನ್ಫರ್ಮೇಶನ್, ಡಿಸ್‌ಇನ್ಫರ್ಮೇಶನ್. ಎರಡೂ ತಪ್ಪು ಮಾಹಿತಿಯೇ. ವ್ಯತ್ಯಾಸ ಏನು?”

ಕಿಟಕಿ ಪಕ್ಕದ ಸಿಸ್ಟರ್ ಎದ್ದಳು. “ಗೊತ್ತಿಲ್ದೆ ಹೇಳಿದ್ರೆ ಮಿಸ್, ಮೇಡಂ. ಗೊತ್ತಿದ್ದೂ ಹೇಳಿದ್ರೆ ಡಿಸ್.”

“ಮಿಸ್‌ಕನ್ಸೆಪ್ಷನ್?”

“ತಲೇಲಿ ತಪ್ಪಾಗಿ ಕೂತುಬಿಟ್ಟಿದ್ದು.”

“ಫ್ಯಾಲಸಿ?”

“ಕೇಳೋಕೆ ಸರಿಯಾಗೇ ಇರುತ್ತೆ. ಆದ್ರೆ ವಾದದಲ್ಲೇ ಎಲ್ಲೋ ತೂತು ಇರುತ್ತೆ.”

“ಡೆಲ್ಯೂಷನ್‌ಗೆ ಉದಾಹರಣೆ ಕೊಡಿ ಯಾರಾದ್ರೂ.”

“ನಮ್ಮೆಜಮಾನ್ರು ತಮಗೆ ಹಾಡೋಕೆ ಬರುತ್ತೆ ಅಂದ್ಕೊಂಡಿರೋದು,” ಎಂದಳು ಮೂರನೇ ಸಾಲಿನ ದಪ್ಪನೆಯ ಸಿಸ್ಟರ್. ಕ್ಲಾಸು ನಕ್ಕಿತು. ಟೀಚರಮ್ಮನೂ ಚೂರು ನಕ್ಕರು, ಆಮೇಲೆ ನಕ್ಕದ್ದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಇನ್ಸ್‌ಪೆಕ್ಟರಿಗೆ ಬೋರ್ಡು ನೋಡಿಯೇ ಸುಸ್ತಾಯಿತು. ಠಾಣೆಯಲ್ಲಿ ಇಷ್ಟೆಲ್ಲ ತಾಪತ್ರಯವಿಲ್ಲ. ಒಂದೇ ಪದ, ತಪ್ಪು. ಲೆಕ್ಕ ತಪ್ಪಿದರೂ ತಪ್ಪು, ದಾರಿ ತಪ್ಪಿದರೂ ತಪ್ಪು, ಕೊಲೆ ಮಾಡಿದರೂ ತಪ್ಪು. ‘ತಪ್ಪಾಯ್ತು ಸಾರ್’ ಎಂದವನ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕೇಸು ಮುಗಿಯಿತು. ಅದು ಎಷ್ಟು ಸಲ ಸರಿಯಾಗಿ ಮುಗಿದಿತ್ತು, ಎಷ್ಟು ಸಲ ಹಳ್ಳ ಹಿಡಿದಿತ್ತು ಎಂದು ಯೋಚಿಸುವ ಚೈತನ್ಯ ಅವರಲ್ಲಿ ಉಳಿದಿರಲಿಲ್ಲ.

ಪಾಠ ಮುಗಿಯಿತು. ನರ್ಸುಗಳು ಚೀಲ ಹೆಗಲಿಗೇರಿಸಿ ಹೊರಟರು. ಕಿಟಕಿ ಪಕ್ಕದವಳು ಮಾತ್ರ ಬಾಗಿಲಲ್ಲಿ ನಿಂತು ಇನ್ಸ್‌ಪೆಕ್ಟರನ್ನು ಒಮ್ಮೆ, ಟೀಚರಮ್ಮನನ್ನು ಒಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಡ್ಯೂಟಿಗೆ ಹೊತ್ತಾಯಿತೆಂದು ಗೊಣಗಿಕೊಂಡು ಚಪ್ಪಲಿ ಮೆಟ್ಟಿ ಹೋದಳು.

“ತಂದಿದ್ದೀರಾ?” ಟೀಚರಮ್ಮ ಕೈ ಒರೆಸಿಕೊಂಡು ಎದುರಿನ ಬೆಂಚಿನಲ್ಲಿ ಕೂತರು.

ಇನ್ಸ್‌ಪೆಕ್ಟರು ಮೊದಲು ಪ್ಲಾಸ್ಟಿಕ್ ಚೀಲ ತೆಗೆದಿಟ್ಟರು. ಅದರಲ್ಲಿ ಮೇಷ್ಟ್ರ ಕನ್ನಡಕ, ವಾಚು, ಎರಡು ಕೆಂಪು ಪೆನ್ನು. ಪಕ್ಕದಲ್ಲಿ ರಸೀದಿಯ ಕಾಗದ.

“ಇಲ್ಲೊಂದು ಸಹಿ ಹಾಕಿಬಿಡಿ ಅಮ್ಮ. ನಿಮ್ಮ ವಸ್ತು ನಿಮಗೆ ಸೇರಿಬಿಡ್ಲಿ.”

“ಹಾಕಲ್ಲ ಅಂತ ಠಾಣೆಗೆ ಫೋನ್ ಮಾಡಿದಾಗಲೇ ಹೇಳಿದ್ನಲ್ಲ. ಈ ಕಾಗದದ ತಲೆ ಮೇಲೆ ಏನು ಬರೆದಿದ್ದೀರಿ, ಓದಿ.”

ಇನ್ಸ್‌ಪೆಕ್ಟರು ಓದಲಿಲ್ಲ. ಅದನ್ನು ಬರೆಸಿದ್ದೇ ಅವರು. ‘ತಪ್ಪೊಪ್ಪಿಕೊಂಡ ಮೃತ ವ್ಯಕ್ತಿಗೆ ಸೇರಿದ ವಸ್ತುಗಳು.’

“ನಲವತ್ತು ವರ್ಷ ಊರಿನೋರ ತಪ್ಪೆಲ್ಲ ತಿದ್ದಿದ ಮನುಷ್ಯ,” ಎಂದರು ಟೀಚರಮ್ಮ. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಸತ್ತ ಮೇಲೆ ಅವರ ಹಣೆಗೇ ತಪ್ಪು ಅಂಟಿಸಿದ್ದೀರಿ. ಅಂಗಡಿಯವನು ನಿನ್ನೆ ನನ್ನ ಮುಖ ನೋಡ್ಲಿಲ್ಲ. ಆ ಇಬ್ಬರು ಮಕ್ಕಳ ತಾಯಂದಿರಿಗೆ ನಾನು ಹೇಗೆ ಮುಖ ತೋರಿಸಲಿ? ಅವರು ಬರೆದ ಚೀಟಿ ಎಲ್ಲಿ? ನಿಮ್ಮ ಭಾಷಾಂತರ ಬೇಡ. ಅವರ ಕೈಬರಹ ಬೇಕು.”

ಇಡೀ ಕೇಸು ಹುಟ್ಟಿದ್ದೇ ಆ ಮಕ್ಕಳಿಂದ. ಕೆಮ್ಮಿನ ಔಷಧಿಯ ಡಬ್ಬಿಯೊಳಗೆ ಮಡಿಸಿ ಇಡುವ ವಿವರದ ಕಾಗದವನ್ನು ಈ ಪ್ರೆಸ್ಸು ಅಚ್ಚು ಹಾಕುತ್ತಿತ್ತು. ಹಸುಗೂಸಿಗೆ ಒಂದರಿಂದ ಎರಡು ಹನಿ ಎನ್ನಲು 1, ಒಂದು ಸಣ್ಣ ಅಡ್ಡಗೆರೆ, 2 ಎಂದು ಇರಬೇಕಿತ್ತು. ಅಚ್ಚಿನಲ್ಲಿ ಗೆರೆ ಬಿದ್ದುಹೋಗಿ 12 ಹನಿಯಾಯಿತು. ಎರಡು ಕೂಸುಗಳು ಆಸ್ಪತ್ರೆ ಸೇರಿದವು. ಒಂದು ಇನ್ನೂ ಅಲ್ಲೇ ಇತ್ತು.

ಗೆರೆ ಬಿದ್ದದ್ದನ್ನು ಮೇಷ್ಟ್ರು ಅಚ್ಚಾದ ಮೊದಲ ಹಾಳೆಯಲ್ಲೇ ಕಂಡುಹಿಡಿದಿದ್ದರಂತೆ. ಕೂಡಲೇ ‘ನಿಲ್ಲಿಸಿ’ ಎಂದು ಚೀಟಿ ಬರೆದು ಫೋರ್‌ಮನ್ ಕೈಲಿ ಪ್ರೆಸ್ಸಿನ ಧಣಿಗೆ ಕಳಿಸಿದ್ದರಂತೆ. ಚೀಟಿಯನ್ನು ಧಣಿಯ ಮೇಜಿನ ಮೇಲಿಟ್ಟೆ ಎನ್ನುತ್ತಿದ್ದ ಫೋರ್‌ಮನ್. ನನ್ನ ಮೇಜಿಗೆ ಯಾವ ಚೀಟಿಯೂ ಬರಲಿಲ್ಲ ಎನ್ನುತ್ತಿದ್ದರು ಧಣಿ. ಬಂಡಲುಗಳಂತೂ ಊರೂರಿಗೆ ಹೋದವು.

ಇನ್ಸ್‌ಪೆಕ್ಟರು ಫೈಲಿನ ದಾರ ಬಿಚ್ಚಿದರು. ಸಾಕ್ಷಿಯ ಕಾಗದವನ್ನು ಠಾಣೆಯಿಂದ ಹೊರಗೆ ತರುವುದು ನಿಯಮಕ್ಕೆ ವಿರುದ್ಧ. ನಿಯಮದ ಜೊತೆ ಜಗಳವಾಡುವ ವಯಸ್ಸು ಮೀರಿ ಈಗ ಅದನ್ನು ಸುಮ್ಮನೆ ದಾಟಿಕೊಂಡು ಹೋಗುವ ವಯಸ್ಸು ಅವರದು.

ಅಂಗೈಯಗಲದ ಹಾಳೆ. ಮೇಷ್ಟ್ರ ಗಂಟಲಿಗೆ ನಳಿಕೆ ಹಾಕಿದ್ದರು, ಮಾತು ಹೊರಡುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದ ಡಾಕ್ಟರು ಹೊರನಾಡಿನವರು, ನಮ್ಮ ಭಾಷೆ ಬಾರದವರು. ಏನಾಯಿತೆಂದು ಇಂಗ್ಲಿಷಿನಲ್ಲಿ ಕೇಳಿ ಪ್ಯಾಡು ಕೊಟ್ಟಿದ್ದರು. ಮೇಷ್ಟ್ರು ಮಲಗಿದಲ್ಲೇ ಇಂಗ್ಲಿಷಿನಲ್ಲಿ ಬರೆದಿದ್ದರು. ಒಂದೇ ಸಾಲು, ಅಂಕುಡೊಂಕು.

ಐ ವಾಸ್ ಮಿಸ್ಟೇಕನ್ ಫಾರ್ ದಿ ಫೋರ್‌ಮನ್.

ಟೀಚರಮ್ಮ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದರು. ಬೆರಳಿನಿಂದ ಆ ಅಕ್ಷರಗಳನ್ನು ಮುಟ್ಟಿದರು. ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವ ಗೊಡವೆಗೆ ಅವರು ಹೋಗಲಿಲ್ಲ.

“ಮಧ್ಯದಲ್ಲಿ ಇದೇನು ತೂತು?”

“ಫೈಲಿಗೆ ಹಾಕೋಕೆ ನಮ್ಮ ರೈಟರು ಪಂಚ್ ಮಾಡಿದ್ದು.”

“ಸತ್ತವರ ಕಾಗದಕ್ಕೂ ತೂತು ಹೊಡೀತೀರಲ್ಲ.” ಅವರು ನಿಟ್ಟುಸಿರು ಬಿಟ್ಟರು. “ಸರಿ. ಇದನ್ನ ನಮ್ಮ ಭಾಷೆಗೆ ತಂದ ಪುಣ್ಯಾತ್ಮ ಯಾರು?”

ಇನ್ಸ್‌ಪೆಕ್ಟರು ಕೆಮ್ಮಿದರು. “ನಾನೇ.”

“ಏನಂತ ತಂದ್ರಿ?”

“ಮಿಸ್ಟೇಕ್ ಅಂದ್ರೆ ತಪ್ಪು. ಫಾರ್ ಅಂದ್ರೆ ಗೋಸ್ಕರ. ಫೋರ್‌ಮನ್‌ಗೋಸ್ಕರ ನಾನು ತಪ್ಪು ಮಾಡಿದೆ.” ಹೇಳುತ್ತ ಹೇಳುತ್ತ ಇನ್ಸ್‌ಪೆಕ್ಟರಿಗೆ ತಮ್ಮದೇ ದನಿ ಸ್ಕೂಲಿನ ಹುಡುಗನದಂತೆ ಕೇಳಿಸಿತು. ಇಂಗ್ಲಿಷಿನಲ್ಲಿ ಮೂರು ಸಲ ಡುಮ್ಕಿ ಹೊಡೆದು ನಾಲ್ಕನೆಯ ಸಲ ಹೇಗೋ ದಡ ಸೇರಿದವರು ಅವರು. “ಮತ್ತೆ ಮೇಷ್ಟ್ರ ಮೈಮೇಲೆ ಫೋರ್‌ಮನ್‌ದೇ ನೀಲಿ ಕೋಟಿತ್ತು. ಇಬ್ಬರೂ ಸೇರಿ ಆ ‘ನಿಲ್ಲಿಸಿ’ ಚೀಟಿ ಮುಚ್ಚಿಟ್ಟಿದ್ದಾರೆ, ಆಮೇಲೆ ಜಗಳ ಆಗಿದೆ ಅಂತ ನಮ್ಮ ಲೆಕ್ಕ.”

“ತಪ್ಪು,” ಎಂದರು ಟೀಚರಮ್ಮ.

“ಯಾವುದು?”

“ಎಲ್ಲವೂ.”

ಅವರು ಎದ್ದು ಬೋರ್ಡಿನ ಮೂಲೆಯಲ್ಲಿ ಎರಡು ಪದ ಬರೆದರು. ಐದು ದಿನದ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸು ಪೊಲೀಸಿನವನಿಗೆ ವ್ಯಾಕರಣ ಹೇಳಿಕೊಡಲು ನಿಂತದ್ದನ್ನು ನೋಡಿ ಇನ್ಸ್‌ಪೆಕ್ಟರಿಗೆ ನಾಚಿಕೆಯಾಯಿತು.

“ಮಿಸ್ಟೇಕನ್ ಅಬೌಟ್. ಒಬ್ಬರ ವಿಷಯದಲ್ಲಿ ನಾನು ತಪ್ಪು ತಿಳ್ಕೊಂಡಿದ್ದೆ. ಮಿಸ್ಟೇಕನ್ ಫಾರ್, ಅದು ಬೇರೆ. ನನ್ನನ್ನ ನೋಡಿ ಇನ್ಯಾರೋ ಅಂದ್ಕೊಂಡ್ರು. ಮದುವೆ ಮನೇಲಿ ನಿಮ್ಮನ್ನ ನೋಡಿ ನಿಮ್ಮ ಅಣ್ಣ ಅಂತ ಯಾರೋ ಮಾತಾಡಿಸ್ತಾರಲ್ಲ, ಹಾಗೆ. ಆ ‘ಫಾರ್’ಗೆ ಗೋಸ್ಕರ ಅನ್ನೋ ಅರ್ಥವೇ ಇಲ್ಲ.”

ಇನ್ಸ್‌ಪೆಕ್ಟರು ಬೋರ್ಡು ನೋಡಿದರು. ಚೀಟಿ ನೋಡಿದರು.

“ಅಂದ್ರೆ ಮೇಷ್ಟ್ರು ಹೇಳ್ತಿರೋದು...”

“ನನ್ನನ್ನ ಫೋರ್‌ಮನ್ ಅಂದ್ಕೊಂಡು ಹೊಡೆದ್ರು. ಅಷ್ಟೇ. ಅವತ್ತು ಅಂಗಿ ಮೇಲೆ ಮಸಿ ಚೆಲ್ಲಿ, ಅಲ್ಲೇ ಗೂಟಕ್ಕೆ ನೇತುಹಾಕಿದ್ದ ಕೋಟು ಹಾಕ್ಕೊಂಡಿದ್ರೇನೋ. ಫೋರ್‌ಮನ್ ಕುರ್ಚಿಯಲ್ಲೇ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ರು ಅಂತ ನೀವೇ ಬರೆದಿದ್ದೀರಿ.”

ಅಂಗಿಯ ಮೇಲಿನ ಮಸಿಯೂ ಪಂಚನಾಮೆಯಲ್ಲಿತ್ತು. ಕೋಟು, ಕುರ್ಚಿ, ಬೆನ್ನು, ಎಲ್ಲವೂ ಈಗ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂತವು. ಹೊಡೆತ ಬಿದ್ದದ್ದು ಮೇಷ್ಟ್ರಿಗೆ, ಬೀಳಬೇಕಾಗಿದ್ದು ಫೋರ್‌ಮನ್‌ಗೆ. ಸಾಯಬೇಕಾಗಿದ್ದವನನ್ನೇ ತಾವು ಕೊಲೆಗಾರನೆಂದು ಎಳೆದು ತಂದು ಸಿಮೆಂಟಿನ ನೆಲದ ಮೇಲೆ ಮಲಗಿಸಿದ್ದರು.

“ಫೋರ್‌ಮನ್ ಮೇಲೆ ಯಾರಿಗಮ್ಮ ಅಷ್ಟು ಸಿಟ್ಟು?”

“ಚೀಟಿ ನನ್ನ ಮೇಜಿಗೆ ಬರಲೇ ಇಲ್ಲ ಅಂತ ಯಾರು ಹೇಳ್ತಿದ್ದಾರೋ, ಅವರಿಗೆ. ಮೇಜಿನ ಮೇಲೆ ಇಟ್ಟಿದ್ದೀನಿ ಅಂತ ಹೇಳೋಕೆ ಇರೋನು ಫೋರ್‌ಮನ್ ಒಬ್ಬನೇ.” ಅವರು ಕೈಯ ಸೀಮೆಸುಣ್ಣ ಕೆಳಗಿಟ್ಟರು. “ಇವರೂ ಕೊನೆಯ ವಾರವಿಡೀ ಅದನ್ನೇ ಹೇಳ್ತಿದ್ರು. ಗೆರೆ ಬಿದ್ದದ್ದು ಬರೀ ಮಿಸ್ಟೇಕು ಕಣೇ, ಅದು ಯಾರಿಗೂ ಆಗುತ್ತೆ. ಗೊತ್ತಾದ ಮೇಲೂ ಬಂಡಲು ಕಳಿಸಿದ್ರಲ್ಲ, ಅದಕ್ಕೆ ಬೇರೆ ಹೆಸರಿದೆ ಅಂತ. ಧಣಿಗೆ ಗೊತ್ತಿತ್ತು ಅನ್ನೋದು ಅವರ ಖಚಿತ ನಂಬಿಕೆ. ಆ ‘ನಿಲ್ಲಿಸಿ’ ಚೀಟಿಯ ಕಾರ್ಬನ್ ಪ್ರತಿ ಕೂಡ ಮನೆಗೆ ತಂದಿಟ್ಟಿದ್ರು.”

“ಎಲ್ಲಿದೆ?”

“ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ. ಯಾವ ಚೀಟಿ ಯಾರ ಕೈಗೆ ಹೋದ್ರೂ ಕಾರ್ಬನ್ ಮೇಲೆ ಸಹಿ ಹಾಕಿಸ್ಕೊಳ್ಳೋದು ಅವರ ಪದ್ಧತಿ. ನನಗೆ ಏಣಿ ಹತ್ತೋಕಾಗಲ್ಲ. ನಾಳೆ ಬೆಳಿಗ್ಗೆ ಪಕ್ಕದ ಮನೆಯವರಿಂದ ಇಳಿಸಿಡ್ತೀನಿ, ಬನ್ನಿ.”

ತಾವೇ ಹತ್ತುತ್ತೇನೆ ಎನ್ನಬೇಕಿತ್ತು ಇನ್ಸ್‌ಪೆಕ್ಟರು. ಏಣಿ ನೋಡಿದರು, ಮಂಡಿ ನೆನಪಾಯಿತು. ಗಡಿಯಾರ ನಾಲ್ಕು ತೋರಿಸುತ್ತಿತ್ತು. ಐದಕ್ಕೆ ಫೋರ್‌ಮನ್‌ನನ್ನು ಕೋರ್ಟಿಗೆ ಹಾಜರು ಮಾಡಿ ಇನ್ನಷ್ಟು ದಿನದ ಕಸ್ಟಡಿ ಕೇಳಬೇಕಿತ್ತು. ಕೇಳುವುದಕ್ಕೆ ಈಗ ಏನು ಉಳಿದಿದೆ? ಮೊದಲು ಅವನನ್ನು ಬಿಡುಗಡೆ ಮಾಡೋಣ, ಪೆಟ್ಟಿಗೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡರು.

“ಆ ರಸೀದಿ ಹೊಸದಾಗಿ ಬರೆಸಿ ತರ್ತೀನಿ ಅಮ್ಮ. ಆ ಪದ ಇರಲ್ಲ.”

ಟೀಚರಮ್ಮ ಹಾಳೆಯ ಚೂರೊಂದರಲ್ಲಿ ಮನೆಯ ಫೋನ್ ನಂಬರು ಬರೆದುಕೊಟ್ಟರು, ಒಂದೊಂದು ಅಂಕಿಯೂ ಅಚ್ಚೊತ್ತಿದಂತೆ. ಮೇಷ್ಟ್ರ ಚೀಟಿಯನ್ನು ಹಿಂದಿರುಗಿಸುವ ಮುಂಚೆ ಇನ್ನೊಮ್ಮೆ ಕಣ್ಣಾಡಿಸಿದರು.

“ಕೊನೆಗೆ ಪೂರ್ಣವಿರಾಮವೇ ಇಟ್ಟಿಲ್ಲ,” ಎಂದರು ಮೆಲ್ಲಗೆ. “ಕೈ ಎಷ್ಟು ಸೋತಿತ್ತೋ ಏನೋ.”

*

ಫೋರ್‌ಮನ್ ಲಾಕಪ್ಪಿನ ಗೋಡೆಗೆ ಒರಗಿ ಕೂತಿದ್ದ. ಐವತ್ತರ ಆಸುಪಾಸಿನ, ಬೆರಳ ಸಂದಿಯಲ್ಲಿ ಎಂದೂ ಹೋಗದ ಮಸಿಯ, ಮಿತಭಾಷಿ ಮನುಷ್ಯ. ಐದು ದಿನದಲ್ಲಿ ಗಡ್ಡ ಬೆಳೆದು ಇನ್ನೂ ಹತ್ತು ವರ್ಷ ಹೆಚ್ಚಾಗಿತ್ತು.

“ಎದ್ದೇಳಯ್ಯ,” ಎಂದರು ಇನ್ಸ್‌ಪೆಕ್ಟರು. “ನಮ್ಮಿಂದ ತಪ್ಪಾಯ್ತು. ಮನೆಗೆ ಹೋಗು.”

ಹೀಗೆ ಹೇಳುವುದು ಅವರಿಗೆ ಸುಲಭವಿರಲಿಲ್ಲ. ಠಾಣೆಯ ರೈಟರು ರಿಜಿಸ್ಟರಿನಿಂದ ತಲೆಯೆತ್ತಿ ಬಾಯಿಬಿಟ್ಟುಕೊಂಡು ನೋಡಿದ. ಸಾಹೇಬರ ಬಾಯಲ್ಲಿ ಆ ಪದ ಅವನು ಕೇಳಿದ್ದು ಇದೇ ಮೊದಲು.

ಫೋರ್‌ಮನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಜಿನ ಬಳಿ ಬಂದು ಬೆಲ್ಟು, ಕೀಗೊಂಚಲು ಎತ್ತಿಕೊಂಡ. ಮೇಷ್ಟ್ರು ಆಸ್ಪತ್ರೆಯಲ್ಲಿ ಬರೆದ ಸಾಲಿನ ಅರ್ಥವನ್ನು ಇನ್ಸ್‌ಪೆಕ್ಟರು ಬಿಡಿಸಿ ಹೇಳಿದರು. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ.

“ನನ್ನನ್ನ ಅಂದ್ಕೊಂಡು ಮೇಷ್ಟ್ರನ್ನ ಹೊಡೆದ್ರಾ ಸಾರ್?”

“ಹೂಂ. ಧಣಿ ಕಡೆ ಹೋಗ್ಬೇಡ. ಪ್ರೆಸ್ಸಿಗೂ ಹೋಗ್ಬೇಡ, ಎರಡು ದಿನ. ಆಮೇಲೆ ಅವರನ್ನ ನಾನು ನೋಡ್ಕೋತೀನಿ.” ಅವನ ಬಾಡಿದ ಮುಖ ನೋಡಿ ಇನ್ಸ್‌ಪೆಕ್ಟರಿಗೆ ಸಮಾಧಾನದ ಎರಡು ಮಾತು ಆಡಬೇಕೆನ್ನಿಸಿತು. ಐದು ದಿನ ಸುಮ್ಮನೆ ಕೊಳೆಹಾಕಿದ ಪಾಪಕ್ಕೆ ಅಷ್ಟಾದರೂ ಬೇಡವೇ? “ನೀನು ಹೆದರ್ಬೇಡ. ಮೇಷ್ಟ್ರು ಆ ‘ನಿಲ್ಲಿಸಿ’ ಚೀಟಿಯ ಕಾರ್ಬನ್ ಪ್ರತಿ ಇಟ್ಟಿದ್ದಾರಂತೆ. ಟೀಚರಮ್ಮನ ಮನೆ ಅಟ್ಟದ ಮೇಲಿದೆಯಂತೆ. ನಾಳೆ ಬೆಳಿಗ್ಗೆ ನನ್ನ ಕೈಗೆ ಬರುತ್ತೆ. ನಿನ್ನ ಮಾತು ನಿಜ ಅಂತ ಜಗತ್ತಿಗೇ ಗೊತ್ತಾಗುತ್ತೆ.”

ಬೆಲ್ಟು ಬಿಗಿಯುತ್ತಿದ್ದ ಫೋರ್‌ಮನ್‌ನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಕೊಂಡಿ ಸಿಕ್ಕಿಸಿದ.

“ಒಳ್ಳೇದಾಯ್ತು ಸಾರ್,” ಎಂದ.

ಕೈ ಮುಗಿದು ಮೆಟ್ಟಿಲಿಳಿದು ಹೋದ. ಆ ಕೈ ನಿಂತದ್ದನ್ನು ಇನ್ಸ್‌ಪೆಕ್ಟರು ಕಂಡರು. ದಣಿದವನ ಕೈ, ಎಂದುಕೊಂಡರು. ದಣಿದ ಮನುಷ್ಯನಿಗೆ ಎದುರಿಗೆ ಬಂದವರೆಲ್ಲ ದಣಿದವರಂತೆಯೇ ಕಾಣುತ್ತಾರೆ.

ಕೋರ್ಟಿಗೆ ಕಾಗದ ಬರೆಸಿ, ಮೇಲಿನ ಸಾಹೇಬರಿಗೆ ಫೋನು ಮಾಡಿ ಬೈಸಿಕೊಂಡರು. ಧಣಿಯನ್ನು ನಾಳೆ ಹತ್ತಕ್ಕೆ ಕರೆಸುವಂತೆ ಪೇದೆಗೆ ಹೇಳಿದರು. ಆಮೇಲೆ ಷೂ ಬಿಚ್ಚಿ ಕಾಲು ಚಾಚಿದರು. ಐದೂಕಾಲು ಗಂಟೆ. ಒಂದು ತಪ್ಪನ್ನಾದರೂ ತಾವಾಗಿ ತಿದ್ದಿದೆವೆಂಬ ಸಣ್ಣ ನೆಮ್ಮದಿ ಮೈಗೆ ಹಿತವಾಗಿತ್ತು. ಇಷ್ಟು ದಿನಕ್ಕೆ ಇವತ್ತು ನಿದ್ದೆ ಬಂದೀತು ಎನ್ನಿಸಿತು.

“ಸಾರ್, ಒಳಗೆ ಬರಬಹುದಾ?”

ಕಿಟಕಿ ಪಕ್ಕದ ಸಿಸ್ಟರ್. ಮೈಮೇಲೆ ಈಗ ಬಿಳಿ ಯೂನಿಫಾರಂ. ಓಡಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

“ಮಧ್ಯಾಹ್ನವೇ ಹೇಳ್ಬೇಕು ಅಂತಿದ್ದೆ. ಮೇಡಂ ಎದುರಿಗೆ ಬಾಯಿ ಬರ್ಲಿಲ್ಲ. ಮೇಷ್ಟ್ರ ವಾರ್ಡಲ್ಲಿ ಅವತ್ತು ಇದ್ದೋಳು ನಾನೇ. ಅವರು ಬರೆದ ಪ್ಯಾಡು ನಮ್ಮ ಡ್ರಾಯರಲ್ಲೇ ಉಳ್ಕೊಂಡಿತ್ತು. ನಿಮ್ಮೋರು ಮೇಲಿನ ಹಾಳೆ ಮಾತ್ರ ಹರ್ಕೊಂಡು ಹೋದ್ರು.”

ಅವಳು ಪ್ಯಾಡನ್ನು ಮೇಜಿನ ಮೇಲಿಟ್ಟಳು. ಬರಿಯ ಬಿಳಿ ಹಾಳೆ.

“ಇದರಲ್ಲೇನಿದೆ?”

“ಓರೆಯಾಗಿ ಹಿಡೀರಿ ಸಾರ್, ಬೆಳಕಿಗೆ. ಮಲಗಿದೋರು ಪೆನ್ನು ಮೇಲ್ಮುಖ ಹಿಡಿದು ಬರೆದ್ರೆ ಸ್ವಲ್ಪ ಹೊತ್ತಿಗೆ ಇಂಕು ನಿಂತುಹೋಗುತ್ತೆ. ನಮ್ಮ ವಾರ್ಡಲ್ಲಿ ದಿನಾ ನೋಡ್ತೀವಿ. ಇಂಕು ಬರ್ದೇ ಇದ್ರೂ ಕೈ ಒತ್ತಿದ್ದು ಕೆಳಗಿನ ಹಾಳೇಲಿ ಮೂಡಿರುತ್ತೆ.”

ಇನ್ಸ್‌ಪೆಕ್ಟರು ಪ್ಯಾಡನ್ನು ಕಿಟಕಿಯ ಸಂಜೆ ಬಿಸಿಲಿಗೆ ಹಿಡಿದರು. ಅದೇ ಸಾಲು ಬಣ್ಣವಿಲ್ಲದೆ ಗೀರುಗೀರಾಗಿ ಎದ್ದು ಬಂತು. ಆದರೆ ಅದು ಫೋರ್‌ಮನ್ ಎಂಬಲ್ಲಿಗೆ ಮುಗಿದಿರಲಿಲ್ಲ. ಮುಂದೆ ಇನ್ನೊಂದು ಅಕ್ಷರವಿತ್ತು. ಇಂಗ್ಲಿಷಿನ ಎಚ್. ಅದರ ಬಾಲದಿಂದ ಒಂದು ಗೀರು ಹಾಳೆಯ ಅಂಚಿನವರೆಗೂ ಜಾರಿಹೋಗಿತ್ತು.

“ಅಲ್ಲಿಗೆ ಪೆನ್ನು ಕೈಯಿಂದ ಬಿತ್ತು ಸಾರ್,” ಎಂದಳು ಸಿಸ್ಟರ್. ಅವಳ ಕಣ್ಣಂಚು ಒದ್ದೆಯಾಯಿತು. “ನಾನೇ ಎತ್ತಿಟ್ಟೆ.”

“ಎಚ್ ಅಂದ್ರೆ ಏನಿರ್ಬಹುದು?”

“ಅದು ಆಮೇಲೆ ನೋಡೋಣ. ಮೊದಲು ಇಲ್ಲಿ ನೋಡಿ.” ಅವಳ ಉಗುರು ಮಿಸ್ಟೇಕನ್ ಮತ್ತು ಫಾರ್ ನಡುವೆ ನಿಂತಿತು. ಅಲ್ಲೊಂದು ಪುಟ್ಟ ಕೊಕ್ಕೆಯ ಗುರುತು ಆಳವಾಗಿ ಒತ್ತಿತ್ತು. “ಕಾಮಾ.”

ಇನ್ಸ್‌ಪೆಕ್ಟರು ಫೈಲು ತೆರೆದು ಚೀಟಿಯನ್ನು ಪ್ಯಾಡಿನ ಪಕ್ಕಕ್ಕಿಟ್ಟರು. ಕಾಮಾ ಇರಬೇಕಾದ ಜಾಗದಲ್ಲಿ ರೈಟರು ಹೊಡೆದ ತೂತು ದುಂಡಗೆ, ಸ್ವಚ್ಛವಾಗಿ ಕೂತಿತ್ತು.

“ಏನಯ್ಯ ಇದು!” ಎಂದರು.

ರೈಟರು ಬಗ್ಗಿ ನೋಡಿದ. “ನಡುಮಧ್ಯಕ್ಕೆ ಹೊಡೀಬೇಕು ಅಂತ ನೀವೇ ಅಲ್ವಾ ಸಾರ್ ಹೇಳೋದು,” ಎಂದು ಹಿಂದಕ್ಕೆ ಸರಿದ.

“ಕಾಮಾ ಇದ್ರೆ ಏನಾಯ್ತಮ್ಮ?” ಕೇಳುವುದಕ್ಕೆ ಇನ್ಸ್‌ಪೆಕ್ಟರಿಗೆ ಭಯವಾಯಿತು.

“ಕಾಮಾ ಇದ್ರೆ ಅರ್ಥವೇ ಬೇರೆ ಸಾರ್. ಆಗ ಫಾರ್ ಅಂದ್ರೆ ‘ಯಾಕಂದ್ರೆ’. ಹಳೆ ಪುಸ್ತಕದ ಇಂಗ್ಲಿಷ್ ಅದು. ನಮಗೆ ಮೇಡಂ ಹೇಳಿಕೊಟ್ಟಿದ್ದೇ.” ಅವಳು ಒಂದೊಂದೇ ಪದದ ಮೇಲೆ ಬೆರಳಿಟ್ಟಳು. “ನಾನು ತಪ್ಪು ತಿಳ್ಕೊಂಡಿದ್ದೆ. ಯಾಕಂದ್ರೆ, ಫೋರ್‌ಮನ್... ಅಲ್ಲಿಂದ ಮುಂದೆ ಎಚ್.”

ಯಾರ ವಿಷಯದಲ್ಲಿ ತಪ್ಪು ತಿಳಿದುಕೊಂಡಿದ್ದರು ಮೇಷ್ಟ್ರು? ಅದನ್ನು ಟೀಚರಮ್ಮನೇ ಹೇಳಿದ್ದರು. ಧಣಿಗೆ ಗೊತ್ತಿತ್ತು ಎಂಬುದು ಅವರ ಖಚಿತ ನಂಬಿಕೆಯಾಗಿತ್ತು. ಆ ನಂಬಿಕೆ ತಪ್ಪು. ಧಣಿಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಚೀಟಿ ಧಣಿಯ ಮೇಜನ್ನು ಮುಟ್ಟಲೇ ಇಲ್ಲ.

“ಎಚ್‌ನಿಂದ ಶುರುವಾಗೋದು ಏನೇನಿದೆ?” ಇನ್ಸ್‌ಪೆಕ್ಟರು ಕೇಳಿದರು.

“ಹೆಲ್ಪ್ಡ್ ಇರಬಹುದು. ಸಹಾಯ ಮಾಡಿದ. ಹಿಡ್ ಇರಬಹುದು, ಬಚ್ಚಿಟ್ಟ.” ಸಿಸ್ಟರ್ ದನಿ ತಗ್ಗಿಸಿದಳು. “ಹಿಟ್ ಕೂಡ ಇರಬಹುದು ಸಾರ್.”

ಇನ್ಸ್‌ಪೆಕ್ಟರು ಪ್ಯಾಡು ಕೆಳಗಿಟ್ಟರು. ಒಂದೇ ಸಾಲನ್ನು ಮೊದಲು ತಾವು ಓದಿ ಒಬ್ಬನನ್ನು ಒಳಗೆ ಹಾಕಿದರು. ಟೀಚರಮ್ಮ ಓದಿದ ಮೇಲೆ ಅವನನ್ನು ಹೊರಗೆ ಬಿಟ್ಟರು. ಟೀಚರಮ್ಮನ ಓದಿನಲ್ಲಿ ಕುಂದಿರಲಿಲ್ಲ. ಅವರ ಕೈಗೆ ಸಿಕ್ಕ ಕಾಗದದಲ್ಲೇ ತೂತಿತ್ತು. ಆ ತೂತು ಠಾಣೆಯದು, ಅಂದರೆ ತಮ್ಮದು. ಸಾಲದ್ದಕ್ಕೆ ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಆ ಮನುಷ್ಯನಿಗೆ ತಾವೇ ಬಾಯಾರೆ ಹೇಳಿ ಕಳಿಸಿದ್ದರು. ಕಾರ್ಬನ್ ಮೇಲೆ ಫೋರ್‌ಮನ್‌ನ ಸಹಿ ಮಾತ್ರ ಇದೆ, ಧಣಿಯದಿಲ್ಲ ಎಂದು ಈಗ ಏಣಿ ಹತ್ತದೆಯೇ ತಿಳಿಯುತ್ತಿತ್ತು.

“ಫೋರ್‌ಮನ್ ಹೋಗಿ ಎಷ್ಟು ಹೊತ್ತಾಯ್ತು?”

“ಮುಕ್ಕಾಲು ಗಂಟೆ ಆಗಿರ್ಬೇಕು ಸಾರ್. ಮನೆ ಕಡೆ ಹೋಗ್ಲಿಲ್ಲ ಅವನು,” ಎಂದ ರೈಟರು. “ಎಡಕ್ಕೆ ಹೋಗೋದು ಬಿಟ್ಟು ಬಲಕ್ಕೆ ತಿರುಗಿದ. ದಾರಿ ತಪ್ತೇನೋ ಪಾಪ ಅಂದ್ಕೊಂಡೆ.”

ಬಲಕ್ಕೆ ಹೋದರೆ ಟೀಚರಮ್ಮನ ಬೀದಿ.

ಇನ್ಸ್‌ಪೆಕ್ಟರು ಜೇಬಿನಿಂದ ಹಾಳೆಯ ಚೂರು ತೆಗೆದು ನಂಬರು ಒತ್ತಿದರು. ಬರಿಗಾಲಿನಲ್ಲಿ ನಿಂತಿರುವುದು ಅವರಿಗೆ ಗೊತ್ತಿರಲಿಲ್ಲ. ರಿಂಗು ಹೋಯಿತು, ಇನ್ನೊಂದು, ಮತ್ತೊಂದು. ಎತ್ತಬಾರದೇ ತಾಯಿ, ಎಂದು ಗೊಣಗಿದರು. ಆರನೆಯ ರಿಂಗಿಗೆ ಎತ್ತಿದರು.

“ಹಲೋ?”

ಟೀಚರಮ್ಮನ ದನಿಯೇ. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು.

“ಟೀಚರಮ್ಮ, ನಾನು ಇನ್ಸ್‌ಪೆಕ್ಟರು. ಫೋರ್‌ಮನ್ ಏನಾದ್ರೂ ಅಲ್ಲಿಗೆ ಬಂದಿದ್ದಾನಾ? ಬಂದ್ರೆ ಬಾಗಿಲು ತೆಗೀಬೇಡಿ. ಆ ಸಾಲಲ್ಲಿ ಒಂದು ಕಾಮಾ ಇತ್ತಮ್ಮ, ಮಿಸ್ಟೇಕನ್ ಆದ ಮೇಲೆ...”

ಆ ಕಡೆ ಹಿಂದಿನಿಂದ ಮರದ ಏಣಿಯನ್ನು ನೆಲದ ಮೇಲೆ ಎಳೆಯುವ ಸದ್ದು ಕೇಳಿಸಿತು. ಯಾರೋ ಗಂಡಸು ಏನೋ ಕೇಳಿದ, ಮಾತು ಸ್ಪಷ್ಟವಾಗಲಿಲ್ಲ.

“ಇಲ್ಲಪ್ಪ,” ಎಂದರು ಟೀಚರಮ್ಮ. ಪಾಠ ಹೇಳುವಾಗಿನಷ್ಟೇ ಸಮಾಧಾನದ ದನಿ, ಕೊನೆಯಲ್ಲಿ ಮಾತ್ರ ಎಳೆಯಷ್ಟು ನಡುಗಿತು. “ಇದು ರಾಂಗ್ ನಂಬರ್.”

ಫೋನು ಕಟ್ಟಾಯಿತು.

“ಏನಂದ್ರು ಸಾರ್?” ರೈಟರು ಕೇಳಿದ.

“ಸುಳ್ಳು ಹೇಳಿದ್ರು ಕಣಯ್ಯ,” ಎಂದರು ಇನ್ಸ್‌ಪೆಕ್ಟರು. ಅವರಾಗಲೇ ಬರಿಗಾಲಿನಲ್ಲಿ ಮೆಟ್ಟಿಲ ಮೇಲಿದ್ದರು. “ಬೇಕಂತಲೇ ಹೇಳಿದ್ರು. ಜೀಪು ತೆಗಿ!”